ಕರ್ನಲ್‌ಗೆ ಹೇಳದ ದಾರಿ

ದಿಕ್ಸೂಚಿ ಎಂದು ನಾವು ಕರೆಯುತ್ತಿದ್ದ ಗೆಳೆಯ ಈ ಕಥೆಯನ್ನು ತಾನೇ ಹೇಳಿ, ಎಲ್ಲರಿಗಿಂತ ಮೊದಲು ತಾನೇ ನಗುತ್ತಿದ್ದ. ಈಗ ಅವನಿಲ್ಲ; ಇನ್ನು ನಾವೇ ಹೇಳಿಕೊಳ್ಳಬೇಕು.

"ಇನ್ಮೇಲೆ ಈ ಮನೇಲಿ ಇಂಟರ್ನೆಟ್ ಹೋಯ್ತು ಅನ್ನೋ ಮಾತು ಕೇಳಿಸಿದ್ರೆ ನನ್ನ ಹೆಸರು ಬದಲಾಯಿಸಿಬಿಡಿ!" ಎಂದು ಅವನು ಘೋಷಿಸಿದ್ದು ಹೆಂಡತಿಯ ಸಂದರ್ಶನದ ದಿನವೇ. ಮಗು ಹುಟ್ಟಿದಾಗ ಬಿಟ್ಟ ಕೆಲಸಕ್ಕೆ ಮರಳಲು ಅವಳಿಗೆ ಸಿಕ್ಕ ಮೊದಲ ಅವಕಾಶ ಅದು; ಸಂದರ್ಶನ ವೀಡಿಯೊ ಕರೆಯಲ್ಲಿ. ಮನೆಗೆ ಎರಡು ಸಂಪರ್ಕಗಳಿದ್ದವು. ಒಂದು ಕೈಕೊಟ್ಟರೆ ತಾನಾಗಿಯೇ ಇನ್ನೊಂದಕ್ಕೆ ಹೊರಳಲಿ ಎಂದು, ತೆಪ್ಪಗೆ ಕೆಲಸ ಮಾಡಿಕೊಂಡಿದ್ದ ರೂಟರನ್ನು ಕಿತ್ತು ಬದಿಗಿಟ್ಟ. ಮೂಲೆಯ ಹಳೇ ಕಂಪ್ಯೂಟರಿನಲ್ಲಿ ರೂಟಿಂಗ್ ಡೀಮನ್ ಎಂಬ, ಮಾಹಿತಿ ಸಾಗುವ ದಾರಿಗಳನ್ನು ಕಲಿಯುವ ಪ್ರೋಗ್ರಾಮನ್ನು ಪ್ರತಿಷ್ಠಾಪಿಸಿದ.

ಪರದೆಯ ತುಂಬ ದಾರಿಗಳು! ದಿಕ್ಸೂಚಿ ಕುರ್ಚಿಯಲ್ಲೇ ಕುಣಿದ. ಆದರೆ ಮನೆಯಿಂದ ಒಂದಕ್ಷರವೂ ಹೊರಗೆ ಹೋಗಲೊಲ್ಲದು. ಕೇಬಲ್ ಬದಲಿಸಿದ, ಧೂಳು ಊದಿದ, ಆರಿಸಿ ಹಚ್ಚಿದ. ತಲೆ ಬಾಚಿ ಸಿದ್ಧಳಾದ ಹೆಂಡತಿ ಬಾಗಿಲಲ್ಲಿ ನಿಂತು, ಹಳೇ ರೂಟರನ್ನೇ ಹಾಕಿಬಿಡಿ ಎಂದು ಬೇಡಿಕೊಂಡಳು. ಅವನು ತಿರುಗಿಯೂ ನೋಡದೆ, ಒಂದೇ ನಿಮಿಷ ಎಂದ. ಆ ನಿಮಿಷಕ್ಕೆ ಕೊನೆಯೇ ಇರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಹೆಂಡತಿಯ ತಾಯಿ, ಅವನ ಅತ್ತೆ, ನೀರು ತಂದಿಟ್ಟು, ತೊಂದರೆ ಏನೆಂದು ಕೇಳಿದರು.

"ಈ ಡೀಮನ್‌ಗೆ ಎಲ್ಲಾ ದಾರೀನೂ ಗೊತ್ತು ಅತ್ತೆ. ಆದ್ರೆ ಆ ದಾರೀಲಿ ಕಳಿಸೋನು ಕರ್ನಲ್, ಕಂಪ್ಯೂಟರನ್ನೇ ನಡೆಸೋ ಮೂಲ ಪ್ರೋಗ್ರಾಮ್. ಅವನ ಹತ್ರ ಇದು ಬಾಯೇ ಬಿಡ್ತಿಲ್ಲ."

"ಗೊತ್ತಿದ್ದೂ ಯಾಕೆ ಹೇಳಲ್ಲ?"

"ಹೇಳು ಅಂತ ನಾವು ಬರೆದುಕೊಡದೆ ಅದು ಹೇಗೆ..."

ಮಾತನ್ನು ಅರ್ಧಕ್ಕೇ ಬಿಟ್ಟು ಕೀಬೋರ್ಡಿನತ್ತ ತಿರುಗಿದ. ಅದನ್ನೇ ಅವನು ಬರೆದಿರಲಿಲ್ಲ! ಕಲಿತದ್ದನ್ನೆಲ್ಲ ಕರ್ನಲ್‌ಗೆ ಒಪ್ಪಿಸು ಎಂದು ಒಂದೇ ಸಾಲು ಸೇರಿಸಿದ. ದೀಪಗಳು ಪಟಪಟನೆ ಮಿನುಗಿದವು. ರಾಜ್ಯ ಗೆದ್ದವನಂತೆ ಹಜಾರಕ್ಕೆ ಓಡಿದ.

ಹೆಂಡತಿ ಆಗಷ್ಟೇ ಹೊರಗಿನಿಂದ ಬಂದು ಚಪ್ಪಲಿ ಬಿಡುತ್ತಿದ್ದಳು. ಪಕ್ಕದ ಮನೆಯಲ್ಲಿ ಕೂತು ಸಂದರ್ಶನ ಮುಗಿಸಿದ್ದಳು. ಸೋಮವಾರದಿಂದಲೇ ಕೆಲಸಕ್ಕೆ ಬನ್ನಿ ಎಂದಿದ್ದರಂತೆ.

ದಿಕ್ಸೂಚಿಗೆ ಖುಷಿಯೂ ಆಯಿತು, ಮುಖವೂ ಬಿತ್ತು. "ಇವಳು ಅಲ್ಲಿಗೆ ಹೋಗಿದ್ದು ನನಗೊಬ್ಬನಿಗೆ ಯಾಕೆ ಯಾರೂ ಹೇಳ್ಲಿಲ್ಲ?"

ಅತ್ತೆ ಖಾಲಿ ಲೋಟ ಎತ್ತಿಕೊಂಡರು.

"ನಮಗೆಲ್ಲಾ ಗೊತ್ತಿತ್ತು, ಅಳಿಯಂದ್ರೇ. ನಿಮಗೆ ಹೇಳಿ ಅಂತ ಯಾರೂ ಬರೆದುಕೊಟ್ಟಿರಲಿಲ್ಲ."