ಮಾದರಿ ಬೂಟು

ಸುರಕ್ಷತೆ ಮೇಷ್ಟ್ರಿಗೆ ಅಂದು ಬೇಕಾಗಿದ್ದುದು ಒಂದೇ ಒಂದು ಜೊತೆ ಕಾಲು. ಅವು ಯಾವ ರೈತನವಾದರೂ ಸರಿ, ಗಂಬೂಟಿನೊಳಗೆ ಇರಬೇಕು, ಅಷ್ಟೆ.

ಕೊಟ್ಟಿಗೆಯಲ್ಲಿ ಜಾರದೆ, ಒದೆಸಿಕೊಳ್ಳದೆ, ನಾಲ್ಕು ಕಾಸು ಉಳಿಸಿಕೊಂಡು ದನ ಸಾಕುವುದು ಹೇಗೆಂದು ಕಲಿಸುವುದು ಅವರ ಕೆಲಸ. ಮೂರು ವರ್ಷದಿಂದ ಕಲಿಸುತ್ತಲೇ ಇದ್ದರು. ಕಲಿತವರು ಮಾತ್ರ ಯಾರೂ ಇರಲಿಲ್ಲ. ಇಲಾಖೆ ಪುಕ್ಕಟೆ ಕೊಟ್ಟ ಗಂಬೂಟುಗಳಲ್ಲಿ ಒಂದು ಮನೆಯವರು ಬೂಸಾ ತುಂಬಿಟ್ಟಿದ್ದರು, ಇನ್ನೊಂದು ಮನೆಯಲ್ಲಿ ಕೋಳಿ ಮೊಟ್ಟೆಯಿಟ್ಟಿತ್ತು.

ದೊಡ್ಡ ಸಾಹೇಬರು ಬೆಳಿಗ್ಗೆಯೇ ಫೋನು ಮಾಡಿ ಹೇಳಿದ್ದರು: "ಇವತ್ತು ಬಂದು ನೋಡ್ತೀನಿ. ಒಬ್ಬನಾದ್ರೂ ಬೂಟು ಹಾಕಿದ್ರೆ ನಿಮಗೆ ಆಫೀಸಿಗೆ ವರ್ಗ."

ಆಫೀಸು ಅಂದರೆ ಕುರ್ಚಿ. ಆಫೀಸು ಅಂದರೆ ಫ್ಯಾನು. ಮೇಷ್ಟ್ರ ಸೊಂಟ ಆ ಕುರ್ಚಿಗಾಗಿ ಹಂಬಲಿಸಿ ಹಂಬಲಿಸಿ ಅರ್ಧ ಬಗ್ಗಿಹೋಗಿತ್ತು.

ಪಾಠ ನಡೆಯಬೇಕಾಗಿದ್ದ ಕೊಟ್ಟಿಗೆಯ ಯಜಮಾನಿಯನ್ನು ಅವರು ಕೈಮುಗಿದೇ ಕೇಳಿದರು.

"ಅಮ್ಮಾ, ನಿಮ್ಮ ಬೂಟು ಒಂದೇ ಒಂದು ಗಂಟೆ ಹಾಕ್ಕೊಳ್ಳಿ. ಸಾಹೇಬ್ರು ಹೋದಮೇಲೆ ಬಿಚ್ಚಿಬಿಡಿ."

"ಹಾಕ್ಕೋಬೋದು ಕಣಪ್ಪಾ. ಆದ್ರೆ ನೀನೇ ಯಾಕೆ ಹಾಕ್ಕೊಂಡಿಲ್ಲ?"

ಮೇಷ್ಟ್ರ ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಗಂಬೂಟು ಕಂಕುಳಲ್ಲಿ, ಚೀಟಿ ಅಂಟಿಸಿದ ಪ್ಲಾಸ್ಟಿಕ್ ಚೀಲದೊಳಗೆ.

"ಇದು ಮಾದರಿ ಬೂಟಮ್ಮಾ. ತೋರಿಸೋಕೆ ಮಾತ್ರ. ಕೊಳೆಯಾದ್ರೆ ಸ್ಟೋರಿನವ್ರು ವಾಪಸ್ ತಗೊಳ್ಳಲ್ಲ."

"ಹಾಗಾದ್ರೆ ನಮ್ಮದೂ ಮಾದರೀನೇ ಅಂದ್ಕೋ!"

ಸೇರಿದ್ದ ಇಪ್ಪತ್ತು ಜನ ಕಿಸಕ್ಕೆಂದರು. ಮೇಷ್ಟ್ರಿಗೆ ರೇಗಿಹೋಯಿತು. ಪಾಠ ಶುರುಮಾಡಿಯೇಬಿಟ್ಟರು.

"ಎಲ್ಲರೂ ಕೇಳಿ! ಹಸುವಿನ ಹಿಂದೆ ಯಾವತ್ತೂ ನಿಲ್ಲಬಾರದು," ಎಂದು ಹಸುವಿನ ಹಿಂದೆ ನಿಂತು ಗಟ್ಟಿಯಾಗಿ ಹೇಳಿದರು.

ಹಸುವಿಗೆ ಆ ದನಿ ಹಿಡಿಸಲಿಲ್ಲ. ಝಾಡಿಸಿ ಒದೆಯಿತು. ಚಪ್ಪಲಿ ಒಂದು ಕಡೆ, ಮೇಷ್ಟ್ರು ಒಂದು ಕಡೆ. ಸೆಗಣಿಯ ಮೇಲೆ ಎಣ್ಣೆ ಹಚ್ಚಿದ ಹಲಗೆಯಂತೆ ಜಾರಿಕೊಂಡು ಹೋಗಿ ಗಂಜಲದ ಗುಂಡಿಯಲ್ಲಿ ಕುತ್ತಿಗೆವರೆಗೆ ಇಳಿದರು. ತಲೆ ಮತ್ತು ಬೂಟಿನ ಚೀಲ ಎತ್ತಿಹಿಡಿದ ಎರಡು ಕೈ ಮಾತ್ರ ಮೇಲಿದ್ದವು.

"ಅಯ್ಯೋ, ಬೂಟು! ಬೂಟು ಹಿಡ್ಕೊಳ್ರೋ ಯಾರಾದ್ರೂ!"

ಯಜಮಾನಿ ಮೊದಲು ಬೂಟನ್ನು ಈಸಿಕೊಂಡು ಗೂಟಕ್ಕೆ ನೇತುಹಾಕಿ, ಆಮೇಲೆ ಮೇಷ್ಟ್ರಿಗೆ ಕೈಕೊಟ್ಟರು. "ಪಾಪ, ಮೂರು ವರ್ಷದಿಂದ ಬಡ್ಕೋತಾನೇ ಇದ್ದ. ಚಪ್ಪಲಿ ಏನು ಮಾಡುತ್ತೆ ಅಂತ ಇವತ್ತು ಕಣ್ಣಾರೆ ಕಂಡ್ವಿ."

ಜನ ಒಬ್ಬೊಬ್ಬರಾಗಿ ಮನೆಕಡೆ ಜಾರಿಕೊಂಡರು. ಮೇಷ್ಟ್ರು ನಲ್ಲಿಯ ಕೆಳಗೆ ಕೂತು ಅತ್ತೇಬಿಟ್ಟರು. ಕುರ್ಚಿಯೂ ಹೋಯಿತು, ಮಾನವೂ ಹೋಯಿತು.

ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಮೇಷ್ಟ್ರು ಕಣ್ಣೊರೆಸಿಕೊಂಡು ನೋಡುತ್ತಾರೆ, ಹೋದವರೆಲ್ಲ ತಿರುಗಿ ಬರುತ್ತಿದ್ದಾರೆ, ಇಪ್ಪತ್ತು ಜನರ ಕಾಲಲ್ಲೂ ಗಂಬೂಟು! ಒಬ್ಬನ ಬೂಟಿನಿಂದ ಇನ್ನೂ ಬೂಸಾ ಉದುರುತ್ತಿತ್ತು. ಇನ್ನೊಬ್ಬನ ಹಿಂದೆ ಕೋಳಿ ಬೈಯುತ್ತಾ ಓಡಿಬರುತ್ತಿತ್ತು.

ಯಜಮಾನಿ ನಡೆದದ್ದನ್ನೆಲ್ಲ ಬಣ್ಣಿಸಿದರು. ಸಾಹೇಬರ ಮುಖ ಅರಳಿತು.

"ಸಾರ್, ನನ್ನ ವರ್ಗ..." ಮೇಷ್ಟ್ರು ಕೇಳಿದರು.

ಸಾಹೇಬರು ಜೇಬಿನಿಂದ ಆದೇಶ ತೆಗೆದು ಪರ್ರನೆ ಹರಿದರು.

"ನಿಮ್ಮಂಥೋರನ್ನ ಕುರ್ಚೀಲಿ ಕೂರಿಸೋದೇನ್ರೀ? ಇನ್ನೂ ಮೂವತ್ತೆರಡು ಊರಿದೆ. ನಾಳೆಯಿಂದ ದಿನಕ್ಕೊಂದು ಊರು. ಇದೇ ಥರ ಬೀಳಿ."

"ಸಾರ್, ಆಗ ಬೂಟು ಹಾಕ್ಕೋಬಹುದಾ?"

"ಬೂಟು ಹಾಕ್ಕೊಂಡ್ರೆ ಬೀಳೋದು ಹೇಗ್ರೀ?"