ಕುಲುಕಿದ ಬೆಲ್ಜಿಯಂ ಬಿಯರ್

ಕಂಪೌಂಡರ್ ಕೈಗೆ ಬಾಟಲಿ ಸಿಕ್ಕರೆ ಏನಾದರೊಂದು ಆಗಿಯೇ ತೀರುತ್ತದೆ. ಔರಾದದ ದವಾಖಾನೆಯೊಂದರಲ್ಲಿ ನನ್ನ ಆಯುಷ್ಯವೆಲ್ಲ ಔಷಧ ಕುಲುಕುವುದರಲ್ಲೇ ಕಳೆಯಿತು. ತಳದಲ್ಲಿ ಗಸಿ ಕಂಡರೆ ಸಾಕು, ಕೈ ನನ್ನ ಮಾತು ಕೇಳುವುದಿಲ್ಲ. ಭಾಲ್ಕಿಯಲ್ಲಿರುವ ನನ್ನ ಮಾವನವರು ಬಂದವರಿಗೆಲ್ಲ, "ನಮ್ಮ ಅಳಿಯ ಬಾಟ್ಲಿ ಕುಲುಕಾಂವ" ಎಂದು ನನ್ನ ಗುರುತು ಹೇಳಿ ನಗುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅವರ ಬಾಯಿಂದ ಒಂದು ಸಲವಾದರೂ ಶಾಬಾಸ್ ಅನ್ನಿಸಿಕೊಳ್ಳಬೇಕೆಂಬುದೇ ನನ್ನ ಹಟ.

೧. ಹಿಂದಿನ ಸೀಟು

ಠಾಣಾ ಕುಶನೂರದ ಅಜ್ಜರೊಬ್ಬರಿಗೆ ಕೆಮ್ಮಿನ ಔಷಧ ಕೊಟ್ಟು, "ಚಲೋತ್ನಂಗ ಕುಲುಕಿ ಕುಡೀರಿ" ಎಂದಿದ್ದೆ. ಮತ್ತೆ ಬಂದಾಗ ಕೆಮ್ಮು ಮಾಯ.

"ಕುಲುಕಿದ್ರೇನ್ರಿ?" ಎಂದೆ ಹೆಮ್ಮೆಯಿಂದ.

"ನಾ ಯಾಕ ಕುಲುಕ್ಲಿರಿ? ಬಾಟ್ಲಿ ಕಿಸೆದಾಗ ಇಟ್ಕೊಂಡು ಬಸ್ಸಿನ ಹಿಂದಿನ ಸೀಟಿಗೆ ಕುಂತು ಊರಿಗಿ ಹೋದೆ. ಔಷಧ ಅಷ್ಟೇ ಅಲ್ಲ, ನನ್ನ ಹಲ್ಲಿನ ಸೆಟ್ಟೂ ಕುಲುಕ್ಯದ!"

ಆ ರಸ್ತೆಯ ಗುಂಡಿಗಳನ್ನು ಬಲ್ಲ ನಾನು ಮುಂದಿನವರ ಚೀಟಿ ಕೈಗೆತ್ತಿಕೊಂಡೆ.

೨. ತಂತಿ

ಅದು ಬರಗಾಲದ ವರ್ಷ. ನನ್ನ ಹೆಂಡತಿಯ ತಮ್ಮ ದುಡಿಯಲು ಪುಣೆಗೆ ಹೋಗಿ ದೊಡ್ಡ ಹೋಟೆಲಿನಲ್ಲಿ ಸಪ್ಲಾಯರ್ ಆಗಿದ್ದ. ಊರಿಗೆ ಬರುವಾಗ ಮಾಲೀಕರು ಖುಷಿಯಿಂದ ಕೊಟ್ಟ ಬೆಲ್ಜಿಯಂ ಬಿಯರಿನ ಬಾಟಲಿ ತಂದ. ಬೀದರದಲ್ಲಿ ಬಸ್ಸಿಳಿದವನು ಮೊದಲು ಗುರುತಿನ ವೈನ್ ಶಾಪಿಗೆ ಹೋಗಿ ಅದನ್ನು ತೋರಿಸಿ ಮೆರೆದ. ಕರೆತರಲು ಹೋದ ನಾನೂ ಜೊತೆಗಿದ್ದೆ.

ಕಾರ್ಕಿನ ಮೇಲೆ ತಂತಿ ಬಿಗಿದಿದ್ದನ್ನು ನೋಡಿ ಶಾಪಿನವನು, "ಇದಕ್ಕ್ಯಾಕ ತಂತಿ ಕಟ್ಟ್ಯಾರ್ರಿ?" ಎಂದ.

ಪಕ್ಕದಲ್ಲಿದ್ದ ಗಿರಾಕಿ ಉತ್ತರ ಕೊಟ್ಟ: "ಈ ವರ್ಷ ಎಲ್ಲಾರೂ ಊರು ಬಿಟ್ಟು ಹೊಂಟಾರ. ಇದೂ ಹೋದೀತಂತ ಕಟ್ಟ್ಯಾರ!"

೩. ಜಳಕ

ಭಾಲ್ಕಿಯ ಮನೆಯಲ್ಲಿ ಕರೆಂಟ್ ಇರಲಿಲ್ಲ. ಬಾಟಲಿ ತಂಪಾಗಲೆಂದು ಒದ್ದೆ ಗೋಣಿಚೀಲ ಸುತ್ತಬೇಕಾಯಿತು. ಅತ್ತೆ ಸಿಡಿದೆದ್ದರು.

"ಟ್ಯಾಂಕರ್ ಬಂದು ವಾರಾತು. ಮನಿ ಮಂದಿಗಿ ಜಳಕಿಲ್ಲ, ನಿನ್ನ ಬಾಟ್ಲಿಗಿ ಜಳಕೇನೋ?"

ಮಗನ ಮುಖ ಬಾಡಿದ್ದು ನೋಡಿ ಕೊನೆಗೆ ಅವರೇ ಒಂದು ತಂಬಿಗೆ ನೀರು ಕೊಟ್ಟರು. ಆ ವಾರ ಮಾವನ ಮನೆಯಲ್ಲಿ ಸ್ವಚ್ಛವಾಗಿದ್ದುದು ಬಾಟಲಿ ಒಂದೇ.

೪. ಗಸಿ

ಸಂಜೆ ಮಾವನವರು ಬಿಳಿ ಧೋತರ ಉಟ್ಟು ಕುರ್ಚಿಯಲ್ಲಿ ಕೂತರು. "ಬೆಲ್ಜಿಯಂನ ರೈತರು ಹೊಲದ ಆಳುಗಳಿಗಂತನೇ ಮಾಡ್ತಿದ್ದ ಬಿಯರ್ ಇದು" ಎಂದು ಮಗ ಭಾಷಣ ಬಿಗಿದು, ಗ್ಲಾಸು ತರಲು ಒಳಗೆ ಹೋದ. ಬಾಟಲಿ ನನ್ನ ಮುಂದೆಯೇ ಇತ್ತು. ತಳದಲ್ಲಿ ಗಸಿ! ಮುಂದಿನದು ಹೇಳಬೇಕಿಲ್ಲ, ಮನಸಾರೆ ಕುಲುಕಿ, ಏನೂ ಅರಿಯದವನಂತೆ ಇಟ್ಟೆ.

ಅವನು ಬಂದು ತಂತಿ ಬಿಚ್ಚಿದ. ಕಾರ್ಕು ಹಾರಿ ಮಾಳಿಗೆಯ ಜಂತಿಗೆ ಬಡಿಯಿತು. ಅರ್ಧ ಬಿಯರು ಮಾವನವರ ಧೋತರದ ಪಾಲಾಯಿತು. ಎಲ್ಲರೂ ನನ್ನ ಕಡೆ ತಿರುಗಿದರು; ಯಾರು ಅಂತ ಕೇಳುವ ಗೋಜಿಗೂ ಹೋಗಲಿಲ್ಲ.

"ಸತ್ಯಾನಾಸ ಮಾಡಿದ್ರಲ್ಲ ಭಾವಜಿ! ಮ್ಯಾಲಿನ ತಿಳಿ ಅಷ್ಟೇ ಬಗ್ಗಿಸಿ, ಗಸಿ ತಳದಾಗ ಬಿಡಬೇಕ್ರಿ. ಹೋಟೆಲಿನಾಗ ಹಂಗೇ ಕಲಿಸ್ಯಾರ."

ಇನ್ನು ಈ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲ ಅಂದುಕೊಂಡೆ. ಮಾವನವರು ಉಳಿದಿದ್ದನ್ನು ಗ್ಲಾಸಿಗೆ ಹಾಕಿಸಿಕೊಂಡರು. ಮಂದವಾಗಿ, ಕದಡಿಕೊಂಡು ಇತ್ತು. ಒಂದು ಗುಟುಕು ಕುಡಿದರು. ತುಟಿ ಚಪ್ಪರಿಸಿದರು. ಪೂರ್ತಿ ಕುಡಿದು ಗ್ಲಾಸು ಕೆಳಗಿಟ್ಟರು.

"ಆಳಿಗಿ ತಿಳಿ ಕೊಟ್ಟು ಗಸಿ ತಾವು ಇಟ್ಕೋತಾರೇನು? ಎಂಥಾ ಜಿಪುಣ ಮಂದಿಪಾ! ನಿಮ್ಮವ್ವ ಎಂದಾದ್ರೂ ಅಂಬಲಿ ಕಲಸ್ದೇ ಆಳಿಗಿ ಬಗ್ಗಿಸ್ಯಾಳೇನು?"

ಖರೇ ಮಾತು. ನಮ್ಮ ಕಡೆ ಜೋಳದ ಅಂಬಲಿಯನ್ನು ತಳದಿಂದ ಕಲಸಿಯೇ ಹಾಕಬೇಕು. ಬರೀ ಮೇಲಿನ ನೀರು ಹಾಕಿದರೆ ಮರುದಿನ ಆಳು ಆ ಹೊಲದ ಕಡೆ ತಿರುಗಿಯೂ ನೋಡುವುದಿಲ್ಲ.

ಮಾವನವರು ನನ್ನ ಬೆನ್ನು ತಟ್ಟಿದರು. "ಶಾಬಾಸ್! ಈ ಮನಿಯಾಗ ಕುಡಿಯೂ ರೀತಿ ಗೊತ್ತಿದ್ದಾಂವ ನೀ ಒಬ್ಬನೇ."

ನನಗೆ ಕಣ್ಣು ತುಂಬಿ ಬಂತು. ಬಿಯರಿನ ಹನಿ ಬಿತ್ತು ಎಂದು ಒರೆಸಿಕೊಂಡೆ.

ಮರುದಿನ ಮುಂಜಾನೆ ಅದೇ ಧೋತರ ಉಟ್ಟು ನನ್ನನ್ನು ಚಹಾದ ಅಂಗಡಿಗೆ ಕರೆದೊಯ್ದರು. ಅಲ್ಲಿದ್ದವರಿಗೆಲ್ಲ ನನ್ನ ಗುರುತು ಹೇಳಿದರು: "ನಮ್ಮ ಅಳಿಯ. ಬಾಟ್ಲಿ ಕುಲುಕಾಂವ!"

ಮಾತು ಹಳೆಯದೇ. ಆದರೆ ಈ ಸಲ ಧೋತರದ ಕಲೆಯನ್ನು ಎಲ್ಲರಿಗೂ ಕಾಣುವಂತೆ ಮುಂದೆ ಹಿಡಿದು ಹೇಳಿದರು.