ಎರಡನೇ ಡಬ್ಬಿ

ಎಂಟು ಹಾಳೆಯ ಹಾಡನ್ನು ಒಂದೇ ಹಾಳೆಗೆ ಇಳಿಸಲು ಹೋಗಿದ್ದೇ ರುದ್ರಮುನಿ ಮಾಸ್ತರರ ತಪ್ಪು. ರಾಣೆಬೆನ್ನೂರಿನ ಅವರ ಬ್ಯಾಂಡಿನವರು ವಾದ್ಯಕ್ಕೆ ಸಿಕ್ಕಿಸಿಕೊಂಡ ಸ್ವರದ ಹಾಳೆಗಳು ಪ್ರತಿ ಮೆರವಣಿಗೆಯಲ್ಲೂ ಗಾಳಿಗೆ ಹಾರಿ ಚರಂಡಿ ಸೇರುತ್ತಿದ್ದವು. ಅದಕ್ಕೇ ಮಾಸ್ತರರು ಗೆರೆಯ ಪಕ್ಕ ಎರಡು ಚುಕ್ಕಿ ಇಟ್ಟು, ಕೊನೆಯ ಸ್ವರಗಳ ಸುತ್ತ ಡಬ್ಬಿಯಂತೆ ಚೌಕ ಎಳೆದು ಒಂದು, ಎರಡು ಎಂದು ನಂಬರು ಹಾಕಿ ಎಲ್ಲರಿಗೂ ಪಾಠ ಹೇಳಿದರು.

"ಚುಕ್ಕಿ ಬಂದ್ರ ತಿರಗಿ ಮೊದಲಿಗೆ ಹೋಗ್ರಿ. ಮೊದಲ್ನೇ ಸಲ ಒಂದನೇ ಡಬ್ಬಿ ಬಾರಸ್ರಿ. ಎರಡನೇ ಸಲ ಅದನ್ನ ಬಿಟ್ಟು ಎರಡನೇ ಡಬ್ಬಿಗೆ ಜಿಗೀರಿ. ಸ್ವಂತ ಬುದ್ಧಿ ಯಾರೂ ಓಡಸಬ್ಯಾಡ್ರಿ."

ಎರಡನೇ ಡಬ್ಬಿಯಲ್ಲಿ ಮಾಸ್ತರರ ಜೀವವೇ ಇತ್ತು. ವರ್ಷಾನುಗಟ್ಟಲೆ ಸಿನಿಮಾ ಹಾಡು ಊದಿ ಬೇಸತ್ತು, ಮೊದಲ ಬಾರಿಗೆ ಸ್ವಂತ ಹಾಡು ಕಟ್ಟಿದ್ದರು. ಅದರ ಮೊದಲ ಭಾಗ ದೊಡ್ಡ ಡೋಲಿನ ಗೋಣೆಪ್ಪ ಹಗ್ಗ ಬಿಗಿಯುವಾಗ ಗುನುಗುತ್ತಿದ್ದ ಧಾಟಿ. ಅವನ ಕಾಟ ತಾಳಲಾರದೆ ಸೇರಿಸಿದ್ದು. ಎರಡನೇ ಡಬ್ಬಿಯಿಂದಾಚೆಗಿನ ಕ್ಲಾರಿಯೋನೆಟ್ ಮಾತ್ರ ಪೂರ್ತಿ ಮಾಸ್ತರರದು. ಇವತ್ತು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ ಮಾಲತೇಶಪ್ಪನ ಮಗಳ ಮದುವೆ. ಹೊಸ ಹಾಡು ಮನಸ್ಸಿಗೆ ಬಂದರೆ ಕಟ್ಟಿದವನಿಗೆ ಮಂಟಪದಲ್ಲೇ ಶಾಲು ಹೊದಿಸುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಮಾಸ್ತರರ ಹೆಗಲಿಗೆ ಇದುವರೆಗೆ ಟವೆಲ್ ಬಿಟ್ಟರೆ ಬೇರೇನೂ ಬಿದ್ದಿರಲಿಲ್ಲ.

ವರನ ಮೆರವಣಿಗೆ ಹೊರಟಿತು. ಹಾಡು ಚುಕ್ಕಿ ಮುಟ್ಟಿ ಹಿಂದಕ್ಕೆ ಬಂದಿತ್ತು, ಅಷ್ಟರಲ್ಲಿ ಮೊದಲ ನೆಂಟರ ಮನೆ ಬಂತು. ಆರತಿ ತಟ್ಟೆ ಹೊರಗೆ ಬಂತು. ಪ್ರತಿ ಮನೆಯ ಮುಂದೆಯೂ ಹಾಡು ಮೊದಲಿನಿಂದಲೇ ಏಳಬೇಕೆಂಬುದು ಅಲ್ಲಿಯ ರಿವಾಜು. ಗೋಣೆಪ್ಪ ಧಡ್ ಎಂದು ಬಾರಿಸಿ ಮತ್ತೆ ಶುರು ಮಾಡಿದ. ಮುಂದಿನ ಮನೆಯಲ್ಲೂ ಅದೇ ಕತೆ.

"ಏ ಗೋಣ್ಯಾ, ಎರಡನೇ ಡಬ್ಬಿ ಯಾವಾಗ ಬರೂದು?" ಮಾಸ್ತರರು ಹಲ್ಲು ಕಡಿದರು.

"ಹೊಸದಾಗಿ ಶುರು ಮಾಡಿದ್ರ ಅದು ಮೊದಲ್ನೇ ಸಲಾನ ಅಲ್ರಿ ಮಾಸ್ತರ? ಸ್ವಂತ ಬುದ್ಧಿ ಓಡಸಬ್ಯಾಡ ಅಂದವ್ರು ನೀವ."

ಮಾಸ್ತರರಿಗೆ ತಾಳ್ಮೆ ತಪ್ಪಿತು. ಮುಂದಿನ ಮನೆಯ ಮುಂದೆ ತಾವೇ ಕೈ ಬೀಸಿ ಬ್ಯಾಂಡನ್ನು ನಿಲ್ಲಿಸದೆ ನಡೆಸಿದರು. ಆ ಮನೆಯ ಹಿರಿಯಳು ಬಸವಣ್ಣೆವ್ವ ಬಂದವಳೇ ವರನ ಕಾರಿಗೆ ಅಡ್ಡ ನಿಂತಳು.

"ಎಲ್ಲರ ಮನಿ ಮುಂದ ಪೂರಾ ಹಾಡು, ನಮ್ಮ ಮನಿ ಮುಂದ ಅರ್ಧಾನ? ನಾವೇನು ಅರ್ಧಾ ಬೀಗರೇನು?"

ಅವಳನ್ನು ಸಮಾಧಾನ ಮಾಡುವುದರಲ್ಲಿ ಮುಹೂರ್ತ ಹತ್ತಿರ ಬಂತು. ಹಾಡು ಮತ್ತೆ ಮೊದಲಿಗೇ ಬಂತು. ಅಷ್ಟರಲ್ಲಿ ಕೇಳಿ ಕೇಳಿ ಓಣಿಯ ಮಕ್ಕಳು, ಆರತಿ ಹಿಡಿದ ಹೆಂಗಸರು, ಕಾರಿನೊಳಗಿನ ವರ ಕೂಡ ಮೊದಲ ಭಾಗವನ್ನು ಗುನುಗುತ್ತಿದ್ದರು. ಮಾಸ್ತರರಿಗೆ ಅಳುವುದೊಂದು ಬಾಕಿ. ಕೊನೆಗೆ ಪೆನ್ನು ಹಿರಿದು ಎಲ್ಲರ ಹಾಳೆಯಲ್ಲೂ ಚುಕ್ಕಿಗಳನ್ನೇ ಹೊಡೆದು ಹಾಕಿದರು.

"ಮಂಟಪದ ಬಾಗಿಲದಾಗ ಸೀದಾ ಎರಡನೇ ಡಬ್ಬಿ. ಅಲ್ಲಿ ಯಾವ ಬೀಗರ ಮನೀನೂ ಇಲ್ಲ."

ತಡವಾಗಿದ್ದರಿಂದ ವರನನ್ನು ಇಳಿಸಿದವರೇ ಎತ್ತಿಕೊಂಡಂತೆ ವೇದಿಕೆಗೆ ಒಯ್ದರು. ಇತ್ತ ಬ್ಯಾಂಡು ಬಾಗಿಲಲ್ಲಿ ನಿಂತು ಎರಡನೇ ಡಬ್ಬಿ ಮುಟ್ಟಿತು. ಮಾಸ್ತರರು ಕಣ್ಣು ಮುಚ್ಚಿ ಉಸಿರೆಳೆದು ಊದತೊಡಗಿದ್ದೇ ತಡ, ವೇದಿಕೆಯಿಂದ ಕೂಗು ಬಂತು: "ಗಟ್ಟಿಮೇಳ, ಗಟ್ಟಿಮೇಳ."

ತಾಳಿ ಕಟ್ಟುವಾಗ ಹಾಳೆ ನೋಡುವವರು ಯಾರು? ಡೋಲು, ತಾಳ, ತುತ್ತೂರಿ ಒಟ್ಟಿಗೇ ಮೊರೆದವು. ಮಾಸ್ತರರ ಕೆನ್ನೆ ಉಬ್ಬಿದ್ದು ಜನರಿಗೆ ಕಂಡಿತು. ನಾದ ಮಾತ್ರ ಅವರ ಕಿವಿಗೂ ಬೀಳಲಿಲ್ಲ. ಸದ್ದು ಅಡಗುವಷ್ಟರಲ್ಲಿ ಅವರ ಹಾಡು ಮುಗಿದಿತ್ತು.

ಅಕ್ಷತೆ ಬಿದ್ದ ಮೇಲೆ ಮಾಲತೇಶಪ್ಪ ನಗುನಗುತ್ತ ಶಾಲು ತಂದ. "ಏನ್ ಹಾಡ್ರಿ ಇದು, ಊರಿಗೂರ ಹಾಡಾಕತ್ತೈತಿ. ಯಾರು ಕಟ್ಟಿದ್ದು?"

ಮಾಸ್ತರರು ಎದೆ ಮುಂದೆ ಮಾಡಿ ನಿಂತರು. ಗೋಣೆಪ್ಪ ಎಂದೂ ಸುಳ್ಳು ಹೇಳುವವನಲ್ಲ.

"ಮೊದಲ್ನೇ ಭಾಗ ನಂದ್ರಿ. ಉಳಿದದ್ದು ಮಾಸ್ತರದು."

"ಉಳಿದದ್ದು ಯಾವುದದು?" ಎಂದು ಕೇಳುತ್ತಲೇ ಮಾಲತೇಶಪ್ಪ ಗೋಣೆಪ್ಪನಿಗೆ ಶಾಲು ಹೊದಿಸಿದ.

ರಾಣೆಬೆನ್ನೂರಿಗೆ ಮರಳುವ ಟೆಂಪೋದಲ್ಲಿ ಮಾಸ್ತರರು ಹೆಗಲ ಟವೆಲ್‌ನಿಂದ ಕ್ಲಾರಿಯೋನೆಟ್ ಒರೆಸುತ್ತ ಕೂತರು. ಗೋಣೆಪ್ಪ ಶಾಲನ್ನು ಕಿವಿಯ ತನಕ ಎಳೆದುಕೊಂಡು ಪಕ್ಕಕ್ಕೆ ಸರಿದ.

"ಆ ಎರಡು ಚುಕ್ಕಿ ಭಾಳ ಚಲೋ ಅದಾವ ನೋಡ್ರಿ ಮಾಸ್ತರ. ಮುಂದಿನ ಮದವಿಗೆ ಹೊಡದ ಹಾಕಬ್ಯಾಡ್ರಿ."